ಊರಲ್ಲಿ ಒಬ್ಬರೇ ಇರುವ 74 ವರ್ಷದ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಕಾರಟಗಿ ಹತ್ತಿರದ ಹಳ್ಳಿ. ಪಕ್ಕದ ಮನೆಯಲ್ಲಿ 74 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ದುಡಿಯಲು ಹೋದ ಮಗ ಎರಡು ವರ್ಷದಿಂದ ಫೋನ್ ಎತ್ತುತ್ತಿಲ್ಲ. ಸಿಂಧನೂರಿಗೆ ಕೊಟ್ಟ ಮಗಳಿಗೆ ಅವಳ ಸಂಸಾರವೇ ಹೊರೆ. ನೀವು ನಾಲ್ಕು ಮನೆಯವರು ಸೇರಿ ಒಂದಿಷ್ಟು ದುಡ್ಡು ಕೂಡಿಸಿದ್ದೀರಿ. ಕೊಪ್ಪಳ, ಗಂಗಾವತಿ ಕಡೆ ಪುಕ್ಕಟೆ ವೃದ್ಧಾಶ್ರಮ ಇದ್ದರೆ ಹೇಳಿ, ಬಿಟ್ಟು ಬರುತ್ತೇವೆ ಅಂತ ಕೇಳಿದ್ದೀರಿ.

ಆ ‘ಬಿಟ್ಟು ಬರುತ್ತೇವೆ’ ಅನ್ನೋ ಮಾತಿಗೇ ಉತ್ತರ ಬರೆಯಲು ಕೂತೆ.

ಗಂಗಾವತಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಒಂಬತ್ತು ವರ್ಷದಿಂದ ಒಂದು ಆಶ್ರಮಕ್ಕೆ ತಿಂಗಳ ಔಷಧಿ ಕೊಡುತ್ತಿದ್ದೇನೆ. ಮೊದಮೊದಲು ಬಾಗಿಲಲ್ಲೇ ಡಬ್ಬಿ ಇಟ್ಟು ಬರುತ್ತಿದ್ದೆ. ಆಮೇಲೆ ಯಾರ ಬಿಪಿ ಮಾತ್ರೆ ಯಾರಿಗೆ ಅಂತ ವಿಂಗಡಿಸಿ ಕೊಡುತ್ತಾ ಒಳಗಿನವನೇ ಆದೆ.

ಅಲ್ಲಿ ಸೇರಿಸಿಕೊಳ್ಳುವಾಗ ಒಂದು ಹಾಳೆ ತುಂಬುತ್ತಾರೆ. ಹೆಸರು, ಊರು, ವಯಸ್ಸು, ಕಾಯಿಲೆ, ಆಧಾರ್ ನಂಬರ್. ಕೊನೆಯಲ್ಲಿ ‘ಜವಾಬ್ದಾರರು’ ಅಂತ ಒಂದು ಸಾಲು, ಅದರ ಮುಂದೆ ಫೋನ್ ನಂಬರಿಗೆ ಜಾಗ. ಎಷ್ಟೋ ಹಾಳೆಗಳಲ್ಲಿ ಆ ಜಾಗ ಖಾಲಿ ಇರುತ್ತದೆ. ಇಲ್ಲವೆಂದರೆ ಸ್ವಿಚ್ ಆಫ್ ಆದ ನಂಬರ್ ಇರುತ್ತದೆ.

ಒಬ್ಬ ಅಜ್ಜಿಯನ್ನು ಹೀಗೇ ನೆರೆಯವರು ಆಟೋದಲ್ಲಿ ತಂದು ಬಿಟ್ಟಿದ್ದರು. ಕೆಟ್ಟ ಜನ ಅಲ್ಲ, ಎರಡು ಸೀರೆ, ಒಂದು ಕಂಬಳಿ, ಐದು ಸಾವಿರ ರೂಪಾಯಿ ಕೊಟ್ಟು ಕೈಮುಗಿದು ಹೋಗಿದ್ದರು. ಎಂಟು ತಿಂಗಳ ಮೇಲೆ ಅಜ್ಜಿ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮನೆಯವರ ಸಹಿ ಕೇಳಿದರು. ಹಾಳೆಯಲ್ಲಿದ್ದ ನಂಬರ್ ಹೋಗಲಿಲ್ಲ. ಹನ್ನೊಂದು ಗಂಟೆಗೆ ಆಶ್ರಮದವರು ನನಗೆ ಫೋನ್ ಮಾಡಿ, ಅಜ್ಜಿಯ ಹಳೆ ಔಷಧಿ ಚೀಟಿ ತರಲು ಹೇಳಿದರು. ಹೋದೆ. ನರ್ಸ್ ಪೆನ್ನು ಹಿಡಿದು, ‘ನೀವು ಇವರಿಗೆ ಏನಾಗಬೇಕು?’ ಅಂದರು. ‘ಔಷಧಿ ಅಂಗಡಿಯವ’ ಅಂದೆ. ಅವರು ನನ್ನ ಮುಖ ನೋಡಿದರು, ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಆ ನೋವಿನಲ್ಲೂ, ‘ಬರ್ಕೊ ಯವ್ವಾ, ನನ್ನ ತಮ್ಮ ಅದಾನ ಅಂತ’ ಅಂದರು.

ಹಾಗಾಗಿ ದುಡ್ಡಿನ ಮಾತು ಆಮೇಲೆ. ಆ ಸಾಲಿನಲ್ಲಿ ಯಾರ ಹೆಸರು ಬರುತ್ತದೆ ಅನ್ನುವುದು ಮೊದಲು.

ಅದಕ್ಕಿಂತಲೂ ಮೊದಲು ಅಜ್ಜಿಯನ್ನೇ ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅವರ ಮಾತು ಒಂದೂ ಇಲ್ಲ. ನಾಲ್ಕು ಜನ ಸುತ್ತ ಕೂತು ಕೇಳಿದರೆ ‘ನಿಮಗ ಹ್ಯಾಂಗ ತಿಳಿತದ ಹಂಗ ಮಾಡ್ರಿ’ ಅಂತಾರೆ. ಒಬ್ಬರೇ ಹೋಗಿ, ಕಟ್ಟೆ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿ. ಹೊಸ್ತಿಲು ಬಿಟ್ಟು ಬರುವುದಿಲ್ಲ ಅಂದರೆ ಆ ಮಾತಿಗೆ ಬೆಲೆ ಕೊಡಿ. ಕೈಕಾಲು ಆಡುತ್ತಿದ್ದು, ಎರಡು ಹೊತ್ತಿನ ಊಟಕ್ಕೆ ವ್ಯವಸ್ಥೆ ಆದರೆ ಸಾಕು ಅನ್ನುವವರಿಗೆ ಆಶ್ರಮ ಯಾಕೆ ಬೇಕು?

ಕಣ್ಣು ತೋರಿಸಿದ್ದೀರಾ? ಅರವತ್ತಕ್ಕೆ ಅರಳು ಮರಳು ಅಂತ ಮನೆಯವರು ಕೈಬಿಟ್ಟಿದ್ದ ಒಬ್ಬರಿಗೆ ಆಗಿದ್ದು ಬರೀ ಕಣ್ಣಿನ ಪೊರೆ. ಒಲೆ ಹಚ್ಚಲು ಹೋಗಿ ಸೆರಗು ಸುಟ್ಟುಕೊಳ್ಳುತ್ತಿದ್ದರು, ಮನುಷ್ಯರ ಗುರುತು ಸಿಗದೆ ಬೈಯುತ್ತಿದ್ದರು. ಜಿಲ್ಲಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಪುಕ್ಕಟೆ ಆಗುತ್ತದೆ. ಮಾಡಿಸಿದ ಮೇಲೆ ಅವರೇ ರೊಟ್ಟಿ ಬಡಿಯುತ್ತಿದ್ದಾರೆ. ಬಿಪಿ, ಶುಗರ್ ಮಾತ್ರೆಗೆ ಜನೌಷಧಿ ಕೇಂದ್ರಕ್ಕೆ ಹೋಗಿ, ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ನನ್ನ ಅಂಗಡಿಗೆ ನಷ್ಟ, ಆದರೂ ನಿಜ ನಿಜವೇ.

ಇನ್ನು ಕಾಗದಪತ್ರ. ಇಲ್ಲೇ ಜಾಸ್ತಿ ಜನ ಸೋಲುವುದು.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1200 ರೂಪಾಯಿ. ವಿಧವಾ ವೇತನವಾದರೆ 800. ಎರಡೂ ಒಟ್ಟಿಗೆ ಬರುವುದಿಲ್ಲ. ಅಜ್ಜಿಗೆ ಈಗ ಯಾವುದು ಬರುತ್ತಿದೆ ಅಂತ ನಾಡಕಚೇರಿಯಲ್ಲಿ ವಿಚಾರಿಸಿ. ‘ಬರ್ತಿತ್ತು, ನಿಂತೈತಿ’ ಅಂದರೆ ಪೂರ್ತಿ ನಂಬಬೇಡಿ. ಈಗ ದುಡ್ಡು ಆಧಾರ್‌ಗೆ ಕೊನೆಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಯಾವತ್ತೋ ಸಂಘದ ಸಾಲಕ್ಕೆ ತೆಗೆದ ಖಾತೆ, ಪಾಸ್‌ಬುಕ್ ಟ್ರಂಕಿನ ತಳದಲ್ಲಿ. ಒಬ್ಬರಿಗೆ ಹಾಗೆ ಹದಿನಾಲ್ಕು ತಿಂಗಳ ಹಣ ಸುಮ್ನೆ ಕೂತಿತ್ತು. ಇನ್ನೊಂದು ಹೆಬ್ಬೆಟ್ಟಿನ ಕಾಟ. ವರ್ಷಗಟ್ಟಲೆ ಭತ್ತದ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಸವೆದ ಬೆರಳು. ಮಶೀನು ಒಪ್ಪುವುದೇ ಇಲ್ಲ. ಆಧಾರ್ ಕೇಂದ್ರದಲ್ಲಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಕೊಡಿಸಿ. ಪೊರೆ ಆಪರೇಷನ್ ಆದ ಮೇಲೆ ಕೊಡಿಸಿದರೆ ಇನ್ನೂ ಒಳ್ಳೆಯದು.

ರೇಷನ್ ಕಾರ್ಡ್ ನೋಡಿ. ಅಜ್ಜಿಯ ಹೆಸರು ಮಗನ ಕಾರ್ಡಿನಲ್ಲೇ ಇದ್ದು, ಅದರಲ್ಲಿ ಮನೆಯ ಯಜಮಾನಿ ಅಂತ ಸೊಸೆಯ ಹೆಸರಿದ್ದರೆ ಗೃಹಲಕ್ಷ್ಮಿಯ 2000 ಅವಳಿಗೇ. ಒಂಟಿಯಾಗಿ ಬದುಕುತ್ತಿರುವ ಅಜ್ಜಿಗೆ ಬೇರೆ ಕಾರ್ಡ್ ಆದರೆ ಅಕ್ಕಿಯೂ ಅವರದೇ, ಯಜಮಾನಿಯೂ ಅವರೇ. ಕಂತು ಹಿಂದೆ ಮುಂದೆ ಆಗಬಹುದು, ಆದರೂ 1200ರ ಜೊತೆ ಇದು ಸೇರಿದರೆ ಪಕ್ಕದ ಮನೆಯ ಹೆಣ್ಣುಮಗಳಿಗೆ ತಿಂಗಳಿಗಿಷ್ಟು ಕೊಟ್ಟು ಅಡುಗೆ, ನೀರು ಮಾಡಿಸಿಕೊಂಡು ಅಜ್ಜಿ ಮನೆಯಲ್ಲೇ ಇರಬಹುದು. ಮಾಡಿಸಿಕೊಂಡಿರುವವರನ್ನು ನೋಡಿದ್ದೇನೆ.

ಮಗನ ವಿಷಯ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿ, ಅಂದರೆ ಎಸಿ ಮುಂದೆ ಅರ್ಜಿ ಕೊಡಬೇಕು, ನಿಮಗೆ ಕೊಪ್ಪಳ. ವಕೀಲರು ಬೇಕಿಲ್ಲ. ಅಜ್ಜಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿ ಬರೆದುಕೊಟ್ಟ ಬೇರೆಯವರೂ ಅರ್ಜಿ ಹಾಕಬಹುದು, ನೀವೇ ಹಾಕಬಹುದು. ನೋಟಿಸ್ ಹೋದ 90 ದಿನದಲ್ಲಿ ತೀರ್ಮಾನ ಆಗಬೇಕು ಅನ್ನುತ್ತದೆ ಕಾಯ್ದೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಗಳೂ ಇದರಲ್ಲಿ ಬರುತ್ತಾಳೆ, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಬರುತ್ತಾರೆ. ಅರ್ಜಿ ಬರೆಯಲು ಗೊತ್ತಾಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ನೆರವು ಇದೆ.

ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಅಜ್ಜಿ ಹೆಸರಲ್ಲಿ ಹೊಲ ಇತ್ತಾ, ಮಗನಿಗೆ ಬರೆದುಕೊಟ್ಟರಾ ಅಂತ ಕೇಳಿ. ಆ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಬರೆದುಕೊಟ್ಟು ಅವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತು ಅಂತ ತೋರಿಸುವುದೇ ಕಷ್ಟದ ಕೆಲಸ. ಇನ್ನೂ ಬರೆದುಕೊಟ್ಟಿಲ್ಲವಾದರೆ, ಈಗ ಬೇಡವೇ ಬೇಡ ಅಂತ ಹೇಳಿ. ಆದರೆ ಬಹಳ ತಾಯಂದಿರು ಮಗನ ಮೇಲೆ ಅರ್ಜಿ ಹಾಕಲು ಒಪ್ಪುವುದಿಲ್ಲ. ‘ನನ್ನ ಮಗನ್ನ ಕಚೇರಿ ಮೆಟ್ಟಲ ಹತ್ತಸ್ಲೇನು?’ ಅಂತಾರೆ. ಒತ್ತಾಯ ಮಾಡಬೇಡಿ. 14567ಕ್ಕೆ ಫೋನ್ ಮಾಡಿ. ಅದು ಹಿರಿಯರಿಗಾಗಿಯೇ ಇರುವ ಎಲ್ಡರ್‌ಲೈನ್, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ದುಡ್ಡಿಲ್ಲ. ಕಚೇರಿ ಮೆಟ್ಟಿಲು ಹತ್ತುವ ಮೊದಲು ಮುಂದಿನ ದಾರಿ ಕೇಳಿಕೊಳ್ಳಲು ಒಳ್ಳೆಯ ಜಾಗ.

ಇಷ್ಟೆಲ್ಲ ಆಗಿಯೂ ಅಜ್ಜಿಗೆ ಎದ್ದು ಓಡಾಡಲು ಆಗುತ್ತಿಲ್ಲ, ರಾತ್ರಿ ನೋಡುವವರಿಲ್ಲ, ಅವರೂ ಬರುತ್ತೇನೆ ಅಂದರು ಅನ್ನಿ. ಆಗ ಆಶ್ರಮ. ಕೊಪ್ಪಳದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ ಇದೆ. ಸರ್ಕಾರದ ಅನುದಾನ ಪಡೆಯುವ ಆಶ್ರಮ ಯಾವುದು, ಜಾಗ ಖಾಲಿ ಇದೆಯಾ ಅಂತ ಅಲ್ಲಿ ಕೇಳಿ. ಕೇಂದ್ರದ ಅನುದಾನದ ಲೆಕ್ಕ ಒಂದು ಮನೆಗೆ 25 ಬಡ ಹಿರಿಯರು, ಅಂಥಲ್ಲಿ ಊಟ, ವಸತಿಗೆ ದುಡ್ಡು ಕೇಳಬಾರದು. ಜಾಗ ಬೇಗ ಸಿಗುವುದಿಲ್ಲ, ರಾಯಚೂರು, ಬಳ್ಳಾರಿ ಜಿಲ್ಲೆಯಲ್ಲೂ ಕೇಳಿಡಿ. ದಾನದಿಂದಲೇ ನಡೆಯುವ ಆಶ್ರಮಗಳೂ ಇವೆ. ಅವುಗಳಲ್ಲಿ ಮನೆ ಮಕ್ಕಳಂತೆ ನೋಡುವವರೂ ಇದ್ದಾರೆ, ಬೋರ್ಡು ಮಾತ್ರ ದೊಡ್ಡದಿರುವವರೂ ಇದ್ದಾರೆ.

ಹೆಸರು ಹೇಳಲು ಹೋಗುವುದಿಲ್ಲ. ನಾನೇ ಒಮ್ಮೆ ಮೋಸ ಹೋಗಿದ್ದೇನೆ. ದೂರದ ಸಂಬಂಧದ ಅಜ್ಜನೊಬ್ಬನನ್ನು ನನ್ನ ಮಾತು ಕೇಳಿ ಒಂದು ಕಡೆ ಸೇರಿಸಿದರು. ಸೇರಿದ ದಿನವೇ ಪಾಸ್‌ಬುಕ್, ಎಟಿಎಂ ಕಾರ್ಡ್ ಆಫೀಸಿನಲ್ಲಿ ಇಟ್ಟುಕೊಂಡರು. ಪಿಂಚಣಿಯಲ್ಲಿ ಒಂದು ರೂಪಾಯಿಯೂ ಅಜ್ಜನ ಕೈಗೆ ಬರಲಿಲ್ಲ. ಬೀಡಿಗೆ ಹತ್ತು ರೂಪಾಯಿ ಬೇಕಾದರೂ ಕೈ ಚಾಚಬೇಕು. ಮೂರು ತಿಂಗಳಿಗೆ ಕರೆದುಕೊಂಡು ಬಂದೆವು.

ಆಮೇಲೆ ನಾನು ಯಾರಿಗೇ ಹೇಳಿದರೂ, ಹೇಳದೆ ಕೇಳದೆ ಸಂಜೆ ಏಳರ ಮೇಲೆ ಹೋಗಿ ನೋಡಿ ಅನ್ನುತ್ತೇನೆ. ಹಗಲು ಎಲ್ಲ ಕಡೆ ಚೆನ್ನಾಗೇ ಕಾಣುತ್ತದೆ. ರಾತ್ರಿ ಎಷ್ಟು ಜನ ಕೆಲಸದವರು ಉಳಿಯುತ್ತಾರೆ, ಬಚ್ಚಲಲ್ಲಿ ಹಿಡಿಯಲು ಸರಳು ಇದೆಯಾ, ಒಳಗಿನ ವಾಸನೆ ಹೇಗಿದೆ ನೋಡಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಯಾರಿಗಾದರೂ ಹುಣ್ಣು ಇದೆಯಾ, ಯಾರು ತೊಳೆಯುತ್ತಾರೆ ಅಂತ ನೇರ ಕೇಳಿ. ಸಿಟ್ಟಾದರೆ ಬೇರೆ ಕಡೆ ಹುಡುಕಿ.

ನಿಮ್ಮ ನಾಲ್ಕು ಮನೆಯ ದುಡ್ಡಿನ ಬಗ್ಗೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ರೊಟ್ಟಿ ಹೋಗುವ ಸೀಮೆ ನಮ್ಮದು, ಊಟ ಹಾಕಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಹುಟ್ಟುಹಬ್ಬ, ತಿಥಿ, ಮದುವೆ ದಿನ ಅಂತ ಆಶ್ರಮಕ್ಕೆ ಹೋಳಿಗೆ ಬರುತ್ತಲೇ ಇರುತ್ತದೆ. ಅರ್ಧ ಜನರಿಗೆ ಶುಗರ್! ಹೋಳಿಗೆ ಊಟದ ಮರುದಿನ ಬೆಳಿಗ್ಗೆ ನನಗೆ ಫೋನ್ ಗ್ಯಾರಂಟಿ. ದೊಡ್ಡವರ ಡೈಪರ್, ಏರ್ ಬೆಡ್, ರಾತ್ರಿ ಪಾಳಿಯ ಆಯಾಗೆ ಸಂಬಳ ಕೊಡುವವರು ಮಾತ್ರ ಕಡಿಮೆ, ಅದರಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ. ನೀವು ಕೊಡುವುದಿದ್ದರೆ ಮೊದಲೇ ಫೋನ್ ಮಾಡಿ ‘ಈ ತಿಂಗಳು ಏನು ಕೊರತೆ?’ ಅಂತ ಕೇಳಿ ಕೊಡಿ. ರಸೀದಿ ತೆಗೆದುಕೊಳ್ಳಿ. ನಿಮ್ಮಲ್ಲಿ ತೆರಿಗೆ ಕಟ್ಟುವವರಿದ್ದು 80ಜಿ ವಿನಾಯಿತಿ ಬೇಕೆಂದರೆ 2000ಕ್ಕಿಂತ ಹೆಚ್ಚು ನಗದು ಕೊಡಬೇಡಿ, ಬ್ಯಾಂಕ್ ಮೂಲಕ ಕೊಡಿ.

ಕೊನೆಗೆ ಆ ಸಾಲು. ನೀವು ನಾಲ್ಕು ಮನೆಯವರು ಕೂತು ಯಾರ ನಂಬರ್ ಬರೆಸುವುದು ಅಂತ ಈಗಲೇ ಮಾತಾಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೂ ಎತ್ತುವ ನಂಬರ್ ಆಗಿರಲಿ. ಒಂದು ನಿಮ್ಮದು, ಇನ್ನೊಂದು ಮಗಳದ್ದು. ಅವಳ ಕಷ್ಟ ಸುಳ್ಳಲ್ಲ, ತಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅವಳಿಗೆ ಆಗದಿರಬಹುದು. ಹೆಸರು ಬರೆಸಲು ಆಗುತ್ತದೆ. ಸಿಂಧನೂರಿಂದ ಬರಲು ಬಸ್ ಚಾರ್ಜೂ ಇಲ್ಲ, ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಆಯಿತು. ‘ನಿನ್ನವ್ವನ್ನ ಕರ್ಕೊಂಡು ಹೋಗು’ ಅನ್ನಬೇಡಿ, ಫೋನ್ ಇಟ್ಟುಬಿಡುತ್ತಾಳೆ. ‘ನಾವು ನೋಡ್ತೀವಿ, ನಿನ್ನ ನಂಬರ್ ಬರೆಸ್ಲೇನು?’ ಅಂತ ಕೇಳಿ. ಇವತ್ತು ಸಂಜೆಯೇ ಫೋನ್ ಹಚ್ಚಿ.