ಹಾಂಗ್‌ಕಾಂಗ್‌ಗೆ ಮೇ ರಜೆಯಲ್ಲೋ, ದೀಪಾವಳಿ ರಜೆಯಲ್ಲೋ?

ಪ್ರಶ್ನೆ: ನನ್ನ ತಮ್ಮ ಹಾಂಗ್‌ಕಾಂಗ್‌ನಲ್ಲಿ ಕೆಲಸದಲ್ಲಿದ್ದಾನೆ. ಎಲ್ಲರೂ ಬನ್ನಿ ಅಂತ ಕರೆಯುತ್ತಲೇ ಇದ್ದಾನೆ. ಅತ್ತೆಗೆ 70 ದಾಟಿದೆ, ಮಂಡಿನೋವು ಬೇರೆ. ಮಗಳಿಗೆ ಮೇ ರಜೆ ಬಿಟ್ಟರೆ ದೀಪಾವಳಿ ರಜೆಯೇ. ಮೇನಲ್ಲಿ ಹೋದರೆ ಮಳೆ ಶುರುವಾಗುವ ಮುಂಚೆ ಬಂದುಬಿಡಬಹುದು ಅಂತ ನಮ್ಮ ಯಜಮಾನರ ಲೆಕ್ಕ. ಸರೀನಾ? ಅಲ್ಲಿ ಚಂಡಮಾರುತ ಬರುತ್ತದಂತೆ, ಅದೂ ಭಯ.
- ಓದುಗರೊಬ್ಬರು, ಡೊಂಬಿವಲಿ

ಉತ್ತರ: ದೀಪಾವಳಿ ರಜೆಗೇ ಹೋಗಿ, ನವೆಂಬರ್ ಸಿಕ್ಕರೆ ಇನ್ನೂ ಒಳ್ಳೆಯದು.

ನಿಮ್ಮ ಯಜಮಾನರ ಲೆಕ್ಕ ಮುಂಬೈಗೆ ಸರಿ. ನಮಗೆ ಮಳೆ ಅಂದರೆ ಜೂನ್, ಅಲ್ವಾ? ಅಲ್ಲಿ ಮೇನಲ್ಲೇ ಜೋರು ಮಳೆ ಹಿಡಿದು ಸೆಪ್ಟೆಂಬರ್‌ವರೆಗೂ ನಡೆಯುತ್ತದೆ. ವರ್ಷಕ್ಕೆ ಸುಮಾರು 2400 ಮಿ.ಮೀ. ಮಳೆ, ಅಂದರೆ ಹೆಚ್ಚುಕಡಿಮೆ ನಮ್ಮಷ್ಟೇ, ಅದರಲ್ಲಿ ಶೇ. 80ರಷ್ಟು ಈ ಐದು ತಿಂಗಳಲ್ಲೇ ಬೀಳುತ್ತದೆ. ಗಂಟೆಗೆ 70 ಮಿ.ಮೀ. ಮೀರುವ ಮಳೆ ಇದ್ದರೆ ಕಪ್ಪು ಎಚ್ಚರಿಕೆ, ಅಂದರೆ ಮಳೆಯ ಅತಿ ದೊಡ್ಡ ಎಚ್ಚರಿಕೆ, ಕೊಡುತ್ತಾರೆ. 2023ರ ಸೆಪ್ಟೆಂಬರ್ 7ರ ರಾತ್ರಿ ಒಂದೇ ಗಂಟೆಯಲ್ಲಿ 158 ಮಿ.ಮೀ. ಸುರಿದಿತ್ತು! 2005ರ ಜುಲೈ 26ರ ಮುಂಬೈ ಮಹಾಮಳೆ ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಚಂಡಮಾರುತದ ಕಾಟ ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಾಸ್ತಿ. ಅಲ್ಲಿನ ಹವಾಮಾನ ಇಲಾಖೆ, ಅಂದರೆ ಹಾಂಗ್‌ಕಾಂಗ್ ಅಬ್ಸರ್ವೇಟರಿ, 1, 3, 8, 9, 10 ಅಂತ ಸಿಗ್ನಲ್ ಹಾಕುತ್ತದೆ, ಅಂಕಿ ಏರಿದಷ್ಟೂ ಅಪಾಯ ಹೆಚ್ಚು. 1, 3 ಇದ್ದಾಗ ಊರು ಎಂದಿನಂತೆ ಓಡಾಡಿಕೊಂಡಿರುತ್ತದೆ, ನೀವೂ ಸುಮ್ನೆ ಗಾಬರಿಯಾಗಬೇಡಿ. 8 ಬಂತೋ, ಮನೆಯಲ್ಲೇ ಇರಿ. ಶಾಲೆ, ಆಫೀಸು ಮುಚ್ಚುತ್ತವೆ, ಬಸ್ಸು, ಫೆರ್ರಿ ನಿಲ್ಲುತ್ತವೆ, ಎಷ್ಟೋ ವಿಮಾನಗಳೂ ರದ್ದಾಗುತ್ತವೆ. ನವೆಂಬರ್‌ನಲ್ಲಿ ಇದು ತೀರಾ ಅಪರೂಪ, ಆದರೂ 2024ರ ನವೆಂಬರ್‌ನಲ್ಲಿ 8 ಹಾಕಿದ್ದರು. ಅದಕ್ಕೇ ಹೇಳುತ್ತೇನೆ, ಮಗಳ ಶಾಲೆ ಶುರುವಾಗುವ ಹಿಂದಿನ ದಿನಕ್ಕೆ ವಾಪಸ್ ಟಿಕೆಟ್ ಮಾಡಿಸಬೇಡಿ, ಎರಡು ಮೂರು ದಿನ ಕೈಯಲ್ಲಿಟ್ಟುಕೊಳ್ಳಿ.

ನವೆಂಬರ್‌ನಲ್ಲಿ ಬಿಸಿಲು ಹಿತವಾಗಿರುತ್ತದೆ, ಸಾಮಾನ್ಯವಾಗಿ 20ರಿಂದ 25 ಡಿಗ್ರಿ, ಅಂಟಂಟು ಬೆವರಿಲ್ಲ. ಹತ್ತಿ ಬಟ್ಟೆ ಸಾಕು, ಸಂಜೆಗೆ ತೆಳು ಸ್ವೆಟರ್ ಇರಲಿ. ಅತ್ತೆಯವರ ಕೈಚೀಲದಲ್ಲಿ ಮಾತ್ರ ಒಂದು ಶಾಲು ಯಾವಾಗಲೂ ಇರಬೇಕು, ಯಾಕೆಂದರೆ ಮಾಲ್, ಮೆಟ್ರೋ ಒಳಗೆ ಎಸಿ ಜೋರಾಗಿಯೇ ಇರುತ್ತದೆ.

ಕ್ರಿಸ್‌ಮಸ್ ದಾಟಿಸಿ ಜನವರಿ-ಫೆಬ್ರವರಿಗೆ ತಳ್ಳಬೇಡಿ. ಉತ್ತರದ ಗಾಳಿ ಬೀಸಿದರೆ 10 ಡಿಗ್ರಿಗೂ ಇಳಿಯುತ್ತದೆ, ಅಲ್ಲಿನ ಮನೆಗಳು ಚಳಿಗೆ ಅಂತ ಕಟ್ಟಿದವಲ್ಲ, ಮಂಡಿನೋವಿನವರಿಗೆ ಹಿಂಸೆ. ಮಾರ್ಚ್-ಏಪ್ರಿಲ್‌ನಲ್ಲಿ ಮಂಜು, ತೇವ. ವಿಕ್ಟೋರಿಯಾ ಪೀಕ್ ಬೆಟ್ಟ ಹತ್ತಿದರೂ ಎಷ್ಟೋ ದಿನ ಏನೂ ಕಾಣುವುದಿಲ್ಲ.

ಲಾಂಟಾವ್ ದ್ವೀಪದ ದೊಡ್ಡ ಬುದ್ಧನ ಹತ್ತಿರ ಹೋಗಲು 268 ಮೆಟ್ಟಿಲು. ಅತ್ತೆಯವರು ಕೆಳಗಿನಿಂದಲೇ ನೋಡಲಿ, ಚೆನ್ನಾಗಿ ಕಾಣುತ್ತದೆ. ಅಲ್ಲಿಗೆ ಹೋಗುವ ಕೇಬಲ್ ಕಾರನ್ನು ಗಾಳಿ, ಗುಡುಗು ಜಾಸ್ತಿಯಾದರೆ ನಿಲ್ಲಿಸುತ್ತಾರೆ, ಹಾಗಾಗಿ ಬೆಳಗ್ಗೆ ತಮ್ಮನಿಗೆ ಹೇಳಿ ವಿಚಾರಿಸಿಯೇ ಹೊರಡಿ.