ಕಂಪ್ಯೂಟರ್ ಪ್ರಶ್ನೋತ್ತರ: ಹೊಸದು ಕೊಳ್ಳುವ ಮುನ್ನ ಹಳೆಯದನ್ನು ಬಿಚ್ಚಿ ನೋಡಿ

ಪ್ರಶ್ನೆ: ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಇರುವುದು ಐ5 7200ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಆನ್ ಆಗಿ ಕೆಲಸಕ್ಕೆ ಸಿದ್ಧವಾಗಲು ಐದು ನಿಮಿಷ ಬೇಕು. ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ, 11 ಇದಕ್ಕೆ ಬರುವುದಿಲ್ಲ, ಗುಜರಿಗೆ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಮಗಳ ಓದಿಗೆ, ಮನೆಯ ಲೆಕ್ಕಪತ್ರಕ್ಕೆ ಸಾಕಾದರೆ ಸಾಕು. ಹೊಸದನ್ನೇ ಕೊಳ್ಳಬೇಕೇ? (ಶಿರಸಿಯ ಓದುಗರು)

ಉತ್ತರ: ಬೇಡ. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಅಂಗಡಿಯವರು ಎರಡನ್ನೂ ಒಂದೇ ಗಂಟು ಕಟ್ಟಿ ಹೊಸ ಲ್ಯಾಪ್‌ಟಾಪ್‌ನ ಬೆಲೆ ಹೇಳಿದ್ದಾರೆ.

ಮೊದಲನೆಯದು ನಿಧಾನ. ಇದಕ್ಕೆ ಕಾರಣ ಬಹುಮಟ್ಟಿಗೆ ಹಾರ್ಡ್‌ಡಿಸ್ಕ್, ಪ್ರೊಸೆಸರ್ ಅಲ್ಲ. ಆನ್ ಮಾಡಿದ ಕೂಡಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು 20-30 ಶೇಕಡಾದಲ್ಲಿದ್ದು ಡಿಸ್ಕ್ ಮಾತ್ರ 100ರಲ್ಲೇ ನಿಂತಿದ್ದರೆ ಸಂಶಯವೇ ಬೇಡ. ಹಾರ್ಡ್‌ಡಿಸ್ಕಿನ ಜಾಗದಲ್ಲೇ ಕೂರುವ, ಚಿಪ್‌ನಿಂದಾದ ವೇಗದ ಡಿಸ್ಕ್, ಅಂದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ನಿಮ್ಮ ಬಳಕೆಗೆ 256 ಜಿಬಿ ಸಾಕು, 500 ಆದರೆ ನೆಮ್ಮದಿ. ಲ್ಯಾಪ್‌ಟಾಪ್‌ನಲ್ಲಿ ಎಂ.2 ಜಾಗ (ಪಟ್ಟಿಯಂಥ ಪುಟ್ಟ ಎಸ್‌ಎಸ್‌ಡಿ ಕೂರುವ ಸ್ಲಾಟ್) ಕಂಡರೂ ಅದು ಸಾಟಾ ಎಂ.2 ಹಿಡಿಯುತ್ತದೆಯೋ ಎನ್‌ವಿಎಂಇ ಹಿಡಿಯುತ್ತದೆಯೋ ಎಂದು ಮಾಡೆಲ್ ನಂಬರಿನಿಂದ ಖಚಿತಪಡಿಸಿಕೊಳ್ಳಿ. ಆ ಕಾಲದ ಮಾಡೆಲ್‌ಗಳಲ್ಲಿ ಎರಡೂ ಬಗೆ ಇವೆ, ತಪ್ಪಿದರೆ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಮೂಲ ಸೆಟ್ಟಿಂಗ್ ಪುಟ) ಡಿಸ್ಕೇ ಕಾಣುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕನ್ನು ಎಸೆಯಬೇಡಿ. ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್‌ಗೆ ಬರುತ್ತದೆ.

ಎರಡನೆಯದು ಸುರಕ್ಷತೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ನಿಜ. ಆದರೆ ಮನೆಬಳಕೆಯವರಿಗೂ ಇಎಸ್‌ಯು ಎಂಬ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆ ಬಂತು. ಅದರ ಮೊದಲ ವರ್ಷದ ಗಡುವು 2026ರ ಅಕ್ಟೋಬರ್ 13. ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ವಿಂಡೋಸ್ ಅಪ್‌ಡೇಟ್ ಎಂದು ಹೋದರೆ ‘ಎನ್‌ರೋಲ್’ ಕೊಂಡಿ ಸಿಗುತ್ತದೆ. ಅದು ಕಾಣದಿದ್ದರೆ ನಿಮ್ಮ ಆವೃತ್ತಿ 22ಎಚ್2 ಆಗಿಲ್ಲ ಎಂದೇ ಬಹುತೇಕ ಅರ್ಥ, ಮೊದಲು ಅದನ್ನು ಹಾಕಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಿಲ್ಲ. ಇದರಿಂದ ಹೊಸ ಸೌಲಭ್ಯ ಯಾವುದೂ ಬರುವುದಿಲ್ಲ, ಸುರಕ್ಷತೆಯ ತೇಪೆ ಮಾತ್ರ. ನಿಮಗೆ ಬೇಕಾಗಿರುವುದೂ ಅದೇ.

ಗಡುವು ಮುಗಿದ ಮೇಲೆ ನಾನು ಹೇಳುವ ದಾರಿ ಲಿನಕ್ಸ್ ಮಿಂಟ್, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಉಚಿತ ಕಾರ್ಯಾಚರಣಾ ವ್ಯವಸ್ಥೆ. ಇದರ 22ನೇ ಸರಣಿಗೆ 2029ರ ಏಪ್ರಿಲ್‌ವರೆಗೆ ಬೆಂಬಲವಿದೆ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಬರೆದುಕೊಂಡು, ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ಒಂದು ಸಂಜೆ ಬಳಸಿ. ವೈಫೈ, ಸೌಂಡ್, ಪರದೆಯ ಬೆಳಕು, ಮುಚ್ಚಿ ತೆರೆದಾಗ ಎಚ್ಚರವಾಗುವುದು, ಪ್ರಿಂಟರ್, ಈ ಐದನ್ನು ಪರೀಕ್ಷಿಸಿ. ಹೆಚ್ಚಾಗಿ ಕೈಕೊಡುವುದು ಬ್ರಾಡ್‌ಕಾಂ ವೈಫೈ ಚಿಪ್ ಮತ್ತು ಪ್ರಿಂಟರ್. ನಮ್ಮ ಅರ್ಧ ಜೆರಾಕ್ಸ್ ಅಂಗಡಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ಓಡಲು ತುಂಬಾ ಸತಾಯಿಸುತ್ತದೆ. ಮನೆಯ ಲೆಕ್ಕಕ್ಕೆ ಲಿಬ್ರೆ ಆಫೀಸ್ ಸಾಕು. ಟ್ಯಾಲಿ ಬೇಕೇ ಬೇಕು ಎಂದಾದರೆ ವಿಂಡೋಸ್ ಬಿಡುವಂತಿಲ್ಲ.

ನಿಯಮ ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರೂ ಇದ್ದಾರೆ. ಹಾಕಬಹುದು, ಓಡುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಇಳಿಯದೆ, ಪ್ರತಿ ಸಲ ಯಾರಾದರೂ ಕೈಯಾರೆ ಹಾಕಿಕೊಡಬೇಕಾಗುತ್ತದೆ. ಮಗಳ ಪರೀಕ್ಷೆಯ ವಾರದಲ್ಲಿ ಆ ತಾಪತ್ರಯ ಬೇಡ.

ಪ್ರಶ್ನೆ: ನನ್ನದು 8ನೇ ತಲೆಮಾರಿನ ಐ3 ಡೆಸ್ಕ್‌ಟಾಪ್. ವಿಂಡೋಸ್ 11ಕ್ಕೆ ಅರ್ಹ ಎಂದು ಕೇಳಿದ್ದೆ. ಆದರೆ ‘ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ’ ಎಂದು ಬರುತ್ತದೆ. ಟಿಪಿಎಂ ಚಿಪ್ ಕೊಂಡು ಹಾಕಿಸಬೇಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಏನನ್ನೂ ಕೊಳ್ಳಬೇಕಾಗಿಲ್ಲ. ಟಿಪಿಎಂ, ಅಂದರೆ ಗುಪ್ತ ಕೀಗಳನ್ನು ಭದ್ರವಾಗಿಡುವ ಭಾಗ, ನಿಮ್ಮಲ್ಲಿ ಆಗಲೇ ಇದೆ, ಬಯಾಸ್‌ನಲ್ಲಿ ಆಫ್ ಆಗಿದೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆಸುಸ್ ಬೋರ್ಡಿನಲ್ಲಿ ಅಡ್ವಾನ್ಸ್‌ಡ್ ಕೆಳಗೆ ಪಿಸಿಎಚ್ ಫರ್ಮ್‌ವೇರ್ ಪುಟದಲ್ಲಿ ಇರುತ್ತದೆ, ಎಂಎಸ್‌ಐ ಬೋರ್ಡಿನಲ್ಲಿ ಸೆಕ್ಯುರಿಟಿ ಕೆಳಗೆ ಟ್ರಸ್ಟೆಡ್ ಕಂಪ್ಯೂಟಿಂಗ್ ಪುಟದಲ್ಲಿ.

ಸೆಕ್ಯೂರ್ ಬೂಟ್‌ಗೆ (ನಂಬಿಕೆಯ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಮಾತ್ರ ಕ್ರಮ ತಪ್ಪಬಾರದು. ನಿಮ್ಮ ವಿಂಡೋಸನ್ನು ಹಿಂದೆ ಯಾರೋ ಲೆಗಸಿ ಎಂಬ ಹಳೆಯ ಬೂಟ್ ಮೋಡ್‌ನಲ್ಲಿ ಹಾಕಿದ್ದಾರೆ, ಅಂದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನೆ ವಿಧಾನದಲ್ಲಿರುವ ಸಾಧ್ಯತೆ ಹೆಚ್ಚು. ಈಗಲೇ ಬಯಾಸ್‌ನಲ್ಲಿ ಯುಇಎಫ್‌ಐ ಎಂಬ ಹೊಸ ಮೋಡ್‌ಗೆ ತಿರುಗಿಸಿದರೆ ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಬಹಳಷ್ಟು ಜನ ಇಲ್ಲೇ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಿ ಫೋಟೋ, ಕಡತ ಎಲ್ಲ ಕಳೆದುಕೊಳ್ಳುತ್ತಾರೆ. ಹಾಗೆ ನಿಂತರೆ ಮತ್ತೆ ಲೆಗಸಿಗೆ ತಿರುಗಿಸಿ, ಎಲ್ಲ ಇದ್ದ ಹಾಗೇ ಇರುತ್ತದೆ.

ಮೊದಲು ಬ್ಯಾಕಪ್. ಆಮೇಲೆ ವಿಂಡೋಸ್‌ನಲ್ಲೇ ಇರುವ ಎಂಬಿಆರ್‌ಟುಜಿಪಿಟಿ ಸಲಕರಣೆಯನ್ನು (ಡಿಸ್ಕನ್ನು ಎಂಬಿಆರ್‌ನಿಂದ ಹೊಸ ಜಿಪಿಟಿ ವಿಧಾನಕ್ಕೆ ತರುವಂಥದು) ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಿಂದ ಓಡಿಸಿ. ಮೊದಲ ಸಲ ‘ವ್ಯಾಲಿಡೇಟ್’ ಕೊಟ್ಟು ಪರೀಕ್ಷೆ ಮಾತ್ರ, ಅದು ಪಾಸಾದರೆ ‘ಕನ್ವರ್ಟ್’. ಎರಡು ಸಲವೂ ಜೊತೆಗೆ ‘ಅಲೌ ಫುಲ್ ಓಎಸ್’ ಸ್ವಿಚ್ ಬೇಕು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಪರೀಕ್ಷೆಯಲ್ಲೇ ಫೇಲ್ ಆಗುತ್ತದೆ. ಆಗ ಖಾಲಿ ಇರುವ ಒಂದನ್ನು ತೆಗೆಯಬೇಕು. ಪರಿವರ್ತನೆ ಮುಗಿದ ಮೇಲಷ್ಟೇ ಬಯಾಸ್‌ಗೆ ಹೋಗಿ ಸಿಎಸ್‌ಎಂ (ಲೆಗಸಿ ಬೂಟ್‌ನ ಬೆಂಬಲ) ಆಫ್, ನಂತರ ಸೆಕ್ಯೂರ್ ಬೂಟ್ ಆನ್.

ಹತ್ತು ವರ್ಷಕ್ಕೂ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ಆಫ್ ಆದ ಮೇಲೆ ಪರದೆ ಕಪ್ಪಾಗಬಹುದು. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನ ಪೋರ್ಟ್‌ಗೆ ಹಾಕಿ ನೋಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಸೆಟ್ಟಿಂಗ್ ಹಿಂದಿನಂತಾದರೆ ಸಿಆರ್2032 ಬಟನ್ ಸೆಲ್ ಸತ್ತಿದೆ, ಬದಲಿಸಿ.

ಪ್ರಶ್ನೆ: ಬಯಾಸ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ 48 ಅಂಕಿಗಳ ಕೀ ಕೇಳುತ್ತಿದೆ. ನಾನು ಯಾವ ಲಾಕ್ ಕೂಡ ಹಾಕಿರಲಿಲ್ಲ. (ಪುಣೆಯಲ್ಲಿರುವ ಓದುಗರು)

ಉತ್ತರ: ನೀವು ಹಾಕಿಲ್ಲ, ವಿಂಡೋಸ್ ತಾನೇ ಹಾಕಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಹೋಮ್ ಆವೃತ್ತಿಯಲ್ಲೂ ಡಿಸ್ಕ್ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬಿಟ್‌ಲಾಕರ್ ಎಂಬ ಬೀಗ ಬೀಳುತ್ತದೆ. ಬಯಾಸ್ ಬದಲಾದಾಗ ಟಿಪಿಎಂಗೆ ಇದು ಅದೇ ಯಂತ್ರ ಎಂಬ ನಂಬಿಕೆ ತಪ್ಪುತ್ತದೆ, ಹಾಗಾಗಿ ಕೀ ಕೇಳುತ್ತದೆ. ಫೋನಿನಿಂದ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಬಿಟ್‌ಲಾಕರ್ ಕೀ ನೋಡಿ. ಹಲವು ಕೀ ಇದ್ದರೆ ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದುವುದನ್ನು ಆರಿಸಿ. ಲ್ಯಾಪ್‌ಟಾಪ್ ಸಿದ್ಧಮಾಡಿಕೊಟ್ಟ ಅಂಗಡಿಯವರು ತಮ್ಮದೇ ಇಮೇಲ್ ಹಾಕಿದ್ದರೆ ಕೀ ಅವರ ಖಾತೆಯಲ್ಲಿರುತ್ತದೆ, ಅಲ್ಲಿಯೂ ಕೇಳಿ. ಎಲ್ಲೂ ಸಿಗದಿದ್ದರೆ ಡಿಸ್ಕಿನಲ್ಲಿರುವುದು ಹೋಯಿತೆಂದೇ ತಿಳಿಯಬೇಕು. ಕೀ ಇಲ್ಲದೆ ತೆಗೆದುಕೊಡುತ್ತೇನೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ಅಂಕಣ ಓದುವ ಎಲ್ಲರೂ ಇವತ್ತೇ ಆ ಕೀಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬಯಾಸ್ ಅಪ್‌ಡೇಟ್ ಮಾಡುವ ಮೊದಲು ಬಿಟ್‌ಲಾಕರ್ ಅನ್ನು ‘ಸಸ್ಪೆಂಡ್’ ಮಾಡಿ. ಹೋಮ್ ಆವೃತ್ತಿಯಲ್ಲಿ ಆ ಗುಂಡಿ ಕಾಣದಿದ್ದರೆ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಆನ್ ಮಾಡಿ.

ಪ್ರಶ್ನೆ: ಪರಿಚಿತರ ವಾಟ್ಸ್‌ಆ್ಯಪ್‌ನಿಂದ ‘ಮದುವೆ ಆಮಂತ್ರಣ’ ಎಂಬ ಫೈಲ್ ಬಂತು. ಅಮ್ಮ ಒತ್ತಿದ್ದಾರೆ, ಏನೋ ಇನ್‌ಸ್ಟಾಲ್ ಆಯಿತಂತೆ, ಆದರೆ ಫೋನಿನಲ್ಲಿ ಐಕಾನ್ ಕಾಣುತ್ತಿಲ್ಲ. ಏನು ಮಾಡಲಿ? (ಮೈಸೂರಿನ ಓದುಗರು)

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ತುರ್ತಿನದು ಇದು. ಅಮ್ಮನನ್ನು ಬೈಯುತ್ತಾ ಕೂರಬೇಡಿ, ಆ ನಿಮಿಷಗಳೂ ಬೆಲೆಬಾಳುವಂಥವು.

ಅದು ಎಪಿಕೆ, ಅಂದರೆ ಆ್ಯಪ್. ಎಸ್‌ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿಯನ್ನು ಕಳ್ಳರಿಗೆ ಕಳಿಸುವುದು ಇಂಥವುಗಳ ಕೆಲಸ. ಐಕಾನ್ ಬಚ್ಚಿಡುವುದು ತೆಗೆಯಲು ಸಿಗಬಾರದೆಂದು. ಆದ್ದರಿಂದ ಮೊದಲು ಫ್ಲೈಟ್ ಮೋಡ್, ವೈಫೈ ಕೂಡ ಆಫ್. ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ, ಇನ್ನು ಒಟಿಪಿ ಅಲ್ಲಿಗೇ ಬರುತ್ತದೆ. ಆ ಫೋನಿನಿಂದ ##002# ಡಯಲ್ ಮಾಡಿದರೆ ಎಲ್ಲ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತದೆ. ಬ್ಯಾಂಕಿಗೆ ಕರೆ ಮಾಡಿ ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ನಿಲ್ಲಿಸಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವಷ್ಟರಲ್ಲಿ ತಡೆಹಿಡಿಸಿದರೆ ಮಾತ್ರ ಹಣ ಉಳಿಯುವುದು, ನಾಳೆ ಠಾಣೆಗೆ ಹೋದರಾಯಿತು ಎನ್ನಬೇಡಿ. ಬ್ಯಾಂಕಿಗೆ ಬೇಗ ತಿಳಿಸಲು ಇನ್ನೊಂದು ಕಾರಣವೂ ಇದೆ: ಆರ್‌ಬಿಐ ನಿಯಮದ ಪ್ರಕಾರ, ಗ್ರಾಹಕರು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.

ಫೋನ್ ಶುಚಿ ಮಾಡುವುದು ಆಮೇಲೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಪುಟಗಳಲ್ಲಿ ಗುರುತಿಲ್ಲದ ಹೆಸರಿದ್ದರೆ ಆಫ್ ಮಾಡಿ. ಹಾಗೆ ಮಾಡದಿದ್ದರೆ ಅನ್‌ಇನ್‌ಸ್ಟಾಲ್ ಗುಂಡಿ ಕೆಲಸ ಮಾಡದಿರಬಹುದು. ಆ್ಯಪ್ ತೆಗೆದರೂ ನನ್ನ ಸಲಹೆ ಫ್ಯಾಕ್ಟರಿ ರೀಸೆಟ್. ಫೋಟೋಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ನಕಲಿಸಿಕೊಂಡು ರೀಸೆಟ್ ಮಾಡಿ, ಎಪಿಕೆ ಫೈಲ್ ಮಾತ್ರ ಜೊತೆಗೆ ಬರಬಾರದು. ಜಿಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ್ದು ಇದ್ದರೆ ಲಾಗ್‌ಔಟ್ ಮಾಡಿ, ಆರಂಕಿಯ ಟು-ಸ್ಟೆಪ್ ಪಿನ್ ಇಡಿ. ಅಮ್ಮನ ಹೆಸರಿನಲ್ಲಿ ಅದೇ ಫೈಲ್ ಬಂಧುಗಳಿಗೂ ಹೋಗಿರಬಹುದು, ಒಬ್ಬೊಬ್ಬರಿಗೂ ಕರೆ ಮಾಡಿ ಹೇಳಿ.

ಕೊನೆಯದಾಗಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪುಟದಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆಯಿರಿ. ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ವಿಡಿಯೊ ಆಗಿಯೋ ಬರುತ್ತದೆ. ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲಿ ಬರುವ ಎಪಿಕೆಗೂ ಇದೇ ಮಾತು.

ಪ್ರಶ್ನೆ: ಆನ್‌ಲೈನ್‌ನಲ್ಲಿ 2 ಟಿಬಿ ಪೆನ್‌ಡ್ರೈವ್ 700 ರೂಪಾಯಿಗೆ ಸಿಕ್ಕಿತು. ಫೈಲ್ ಹೆಸರು ಕಾಣುತ್ತದೆ, ತೆರೆಯುವುದಿಲ್ಲ.

ಉತ್ತರ: ನಕಲಿ. ಒಳಗೆ ಇರುವುದು 32 ಅಥವಾ 64 ಜಿಬಿ ಚಿಪ್, ಫರ್ಮ್‌ವೇರ್ ತಿದ್ದಿ 2 ಟಿಬಿ ಎಂದು ಹೇಳಿಸಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ, ಹೆಸರಿನ ಪಟ್ಟಿ ಮಾತ್ರ ಉಳಿಯುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ತಂತ್ರಾಂಶಗಳು ಡ್ರೈವನ್ನು ಪೂರ್ತಿ ತುಂಬಿ ನೋಡಿ ಇದನ್ನು ಬಯಲು ಮಾಡುತ್ತವೆ. ಆದರೆ ಸೆಕೆಂಡಿಗೆ 10 ಎಂಬಿ ವೇಗದಲ್ಲಿ 2 ಟಿಬಿ ತುಂಬಲು 55 ಗಂಟೆ ಬೇಕು. ಬೇಗ ತಿಳಿಯಲು ವ್ಯಾಲಿಡ್ರೈವ್ ಬಳಸಿ, ಅದು ಅಲ್ಲಲ್ಲಿ ಮಾತ್ರ ಬರೆದು ಓದಿ ನೋಡುತ್ತದೆ. ಫಲಿತಾಂಶದ ಚಿತ್ರ ಇಟ್ಟುಕೊಂಡು ವಾಪಸಾತಿ ಅವಧಿಯೊಳಗೆ ಹಣ ಕೇಳಿ.

ಪ್ರಶ್ನೆ: ರ‍್ಯಾಮ್ ಬೆಲೆ ಇಷ್ಟು ಏರಿದ್ದೇಕೆ? ಇಳಿಯುವವರೆಗೆ ಕಾಯಲೇ?

ಉತ್ತರ: ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಗೆ ತಯಾರಕರು ಆದ್ಯತೆ ಕೊಟ್ಟರು, ಅಂಗಡಿಗೆ ಬರುವ ಪಾಲು ಕಡಿಮೆಯಾಯಿತು. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಿನ ಗ್ರಾಹಕ ಮಾರಾಟವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಿಮ್ಮ ಟಾಸ್ಕ್ ಮ್ಯಾನೇಜರ್‌ನಲ್ಲಿ ಕೆಲಸದ ಹೊತ್ತು ಮೆಮೊರಿ 80 ಶೇಕಡಾ ದಾಟದಿದ್ದರೆ ಕೊಳ್ಳಲೇಬೇಡಿ. ದಾಟುತ್ತಿದ್ದರೆ ಸೆಕೆಂಡ್‌ಹ್ಯಾಂಡ್ ಡಿಡಿಆರ್4 ರ‍್ಯಾಮ್ ತಗೊಳ್ಳಬಹುದು, ಆದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ, ಒಂದೇ ಒಂದು ದೋಷ ಕಂಡರೂ ಹಿಂದಿರುಗಿಸಿ.

ಪ್ರಶ್ನೆ: ಇಪ್ಪತ್ತು ವರ್ಷದ ಕನ್ನಡ ಕಡತಗಳು ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿವೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಎ ಅಕ್ಷರದ ಮೇಲೆ ಗೀಟು, ಪೌಂಡ್ ಚಿಹ್ನೆ, ಬರೀ ಗೊಂದಲ. (ಸಂಘವೊಂದರ ಕಾರ್ಯದರ್ಶಿ, ತುಮಕೂರು)

ಉತ್ತರ: ಕಡತ ಕೆಟ್ಟಿಲ್ಲ. ಹಳೆಯ ನುಡಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿತ್ತು, ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಮೊದಲು ಹಳೆಯ ಫಾಂಟ್ ಹಾಕಿ ಪ್ರತಿ ಕಡತವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ, ಮುಂದೆ ಹೋಲಿಸಲು ಅದೇ ಆಧಾರ. ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗವಿರುವ ಸಂಕೇತ ವಿಧಾನ) ತನ್ನಿ. ಇಂಗ್ಲಿಷ್ ಪದಗಳಿರುವ ಸಾಲನ್ನು ಇಡಿಯಾಗಿ ಕೊಟ್ಟರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ, ನುಡಿ ಫಾಂಟಿನ ಭಾಗವನ್ನಷ್ಟೇ ಆರಿಸಿ.

ತಿದ್ದುವಾಗ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು: ‘ಕರ್ಮ’ದಲ್ಲಿ ಹಳೆಯ ವಿಧಾನ ‘ಮ’ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಸರಿಯಿಲ್ಲದ ಪರಿವರ್ತಕ ಇಲ್ಲೇ ಎಡವುತ್ತದೆ. ಇನ್ನೊಂದು ‘ಸಾಫ್ಟ್‌ವೇರ್’ನಂಥ ಪದ: ನಡುವೆ ಕಾಣದ ಬಿಡಿಸುವ ಚಿಹ್ನೆ ಬಿಟ್ಟುಹೋದರೆ ‘ಸಾಫ್ಟ್ವೇರ್’ ಆಗಿ ಒತ್ತಕ್ಷರ ಕೂಡಿಕೊಳ್ಳುತ್ತದೆ. ಸದಸ್ಯರ ಹೆಸರು, ಊರು, ರಸೀದಿ ಸಂಖ್ಯೆಗಳನ್ನು ಪಿಡಿಎಫ್ ಪಕ್ಕದಲ್ಲಿಟ್ಟು ಒಬ್ಬರು ಓದಿ ಇನ್ನೊಬ್ಬರು ನೋಡಬೇಕು. ಟೈಪಿಂಗ್ ಅಭ್ಯಾಸ ಬದಲಿಸಬೇಕಿಲ್ಲ. ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ವಿನ್ಯಾಸ ನುಡಿಯ ಯುನಿಕೋಡ್ ಆವೃತ್ತಿಯಲ್ಲೂ ಇದೆ, ಲಿನಕ್ಸ್‌ನಲ್ಲಿ ಐಬಸ್-ಎಂ17ಎನ್ ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂದು ಸಿಗುತ್ತದೆ.