ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ!

ಪ್ರಶ್ನೆ: ಅಡುಗೆಮನೆಗೆ ಹೊಸ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಸ್ವಿಚ್ ಒತ್ತಿದರೆ ಸಣ್ಣಗೆ ಗುಂಯ್ ಅನ್ನುತ್ತದೆ, ರೆಕ್ಕೆ ಅಲುಗುವುದಿಲ್ಲ. ಮೋಟಾರೇ ಕೆಟ್ಟಿದೆಯೇ?

ಉತ್ತರ: ಗುಂಯ್ ಅನ್ನುತ್ತಿದೆ ಅಂದರೆ ಕರೆಂಟ್ ಮೋಟಾರಿನವರೆಗೆ ಬರುತ್ತಿದೆ. ಅಷ್ಟು ಸಮಾಧಾನ. ಆದರೆ ಹಾಗೇ ಆನ್ ಬಿಡಬೇಡಿ, ತಿರುಗದ ಮೋಟಾರ್ ಬಿಸಿಯಾಗಿ ಸುಟ್ಟೀತು.

ಮೇನ್ ಸ್ವಿಚ್ ಆಫ್ ಮಾಡಿ, ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಎಲ್ಲಾದರೂ ಕರ್ ಅಂತ ತಾಗುತ್ತಿದೆಯಾ? ಹಾಗಿದ್ದರೆ ನನ್ನ ಅನುಮಾನ ಫ್ಯಾನಿನ ಮೇಲಲ್ಲ, ಗೋಡೆಯ ಮೇಲೆ. ಗೋಡೆ ಸಮ ಇಲ್ಲದಿದ್ದರೆ ಸ್ಕ್ರೂ ಬಿಗಿದಾಗ ಫ್ರೇಮ್ ಸೊಟ್ಟಗಾಗಿ ರೆಕ್ಕೆಗೆ ತಾಗುತ್ತದೆ. ಹೊಸ ಫ್ಯಾನ್‌ಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ. ಎಲ್ಲ ಸ್ಕ್ರೂ ಸ್ವಲ್ಪ ಸಡಿಲಿಸಿ. ಒಂದು ಮೂಲೆ, ಆಮೇಲೆ ಅದರ ಎದುರು ಮೂಲೆ, ಹೀಗೆ ನಿಧಾನವಾಗಿ ಬಿಗಿಯಿರಿ. ಪ್ಯಾಕಿಂಗಿನ ಥರ್ಮಾಕೋಲ್ ಚೂರು ಒಳಗೇ ಉಳಿದಿದೆಯಾ ಅಂತಲೂ ನೋಡಿ. ನಗಬೇಡಿ, ಉಳಿದಿರುತ್ತದೆ!

ರೆಕ್ಕೆ ಸಲೀಸಾಗಿ ತಿರುಗಿದರೆ ಕೆಪಾಸಿಟರ್, ಅಂದರೆ ಮೋಟಾರ್ ತಿರುಗಲು ಶುರುಮಾಡುವಂತೆ ನೂಕು ಕೊಡುವ ಪುಟ್ಟ ಭಾಗ, ಕೆಟ್ಟಿರಬಹುದು. ಅದನ್ನು ನೀವು ಮುಟ್ಟಬೇಡಿ, ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಹೊಸ ಫ್ಯಾನ್ ಅಲ್ವಾ, ವಾರಂಟಿ ಇದ್ದೇ ಇರುತ್ತದೆ. ಬಿಲ್ ಹುಡುಕಿ, ಅಂಗಡಿಯವರಿಗೆ ಫೋನ್ ಮಾಡಿ.